ಬ್ಯಾಸಿಗಿ ಬಂತಂದ್ರ ನಮ್ಮ ಬಚ್ಚಲಕ್ಕ ಕಪ್ಪಿ ಬರ್ತಾವ

ಎಲ್ಲಾರೂ ಹೇಳೂದು ಮಳಿಗಾಲದಾಗ ಮನಿಯೊಳಗ ಕಪ್ಪಿ ಬರ್ತಾವ ಅಂತ. ನಮ್ಮ ಮನ್ಯಾಗ ಹಂಗಿಲ್ಲ. ಇಲ್ಲಿ ಕಪ್ಪಿ ಬರೂದು ಯುಗಾದಿ ಆದಮ್ಯಾಲ, ಬಿಸಲು ಏರಿ ಮಧ್ಯಾಹ್ನ ಓಣ್ಯಾಗ ಒಂದು ನಾಯಿ ಸೈತ ಅಡ್ಡ್ಯಾಡಲಾರದಂಥಾ ದಿವಸದಾಗ. ಬಚ್ಚಲದ ಮೂಲ್ಯಾಗ ಒಂದು, ಕುಡಿಯೂ ನೀರಿನ ಗಡಗಿ ಇಟ್ಟ ಕಟ್ಟಿ ಹಿಂದ ಒಂದು, ಕೂಲರ್ ಕೆಳಗ ಒಂದು, ಒಮ್ಮೊಮ್ಮೆ ದೇವರ ಮನ್ಯಾಗಿನ ತಾಮ್ರದ ಕೊಡಕ್ಕ ಆತುಕೊಂಡು ಒಂದು. ಮಿರಗದ ಮಳಿ ನಕ್ಷತ್ರ ಹೊಕ್ಕು ಎರಡು ಚಲೋ ಮಳಿ ಆದ್ವು ಅಂದ್ರ ಸಾಕು, ಹೇಳದ ಕೇಳದ ಬಂದಾವು ಹೇಳದ ಕೇಳದನ ಹೊಂಟಹೋಗ್ತಾವ. ಆಮ್ಯಾಲ ಮಳಿ ಇರೂ ತನಕ ಹೊರಗ ಖಂದಕದಾಗ, ಖಾಲಿ ಪ್ಲಾಟಿನ್ಯಾಗ ನಿಂತ ನೀರಾಗ ರಾತ್ರಿ ಎಲ್ಲಾ ಒದರ್ತಾವ, ಮನಿಯೊಳಗ ಮಾತ್ರ ಒಂದೂ ಕಾಣಂಗಿಲ್ಲ. ಇದು ಉಲ್ಟಾ ಯಾಕ ಅನ್ನೂದು ಭಾಳ ವರ್ಷದಿಂದ ನನ್ನ ತಲಿ ಕೊರೀತಿತ್ತು. ಈಗ ಅಣ್ಣ ಬಚ್ಚಲ ಒಡಸಿ ಹೊಸಾದು ಕಟ್ಟಸೂಣು ಅಂತ ನಿಂತಾನ, ಹಿಂಗಾಗಿ ಕುಂತು ಪೂರ್ತಿ ವಿಚಾರ ಮಾಡೂ ಹೊತ್ತು ಬಂತು.

ನಮ್ಮದು ವಿಜಯಪುರದ ಕ್ವಾಟಿ ಗೋಡಿ ಒಳಗಿನ ಹಳೀ ಓಣಿ. ಕಲ್ಲು ಮಣ್ಣಿನ ದಪ್ಪ ಗೋಡಿ, ಜಂತಿ ಮ್ಯಾಲ ಮಣ್ಣಿನ ಮಾಳಗಿ, ಪಡಸಾಲಿ ದಾಟಿ ನಡುಮನಿ, ಅದರ ಹಿಂದ ಕತ್ತಲದ ಅಡಗಿಮನಿ, ಅದರ ಬಗಲಾಗ ಬಚ್ಚಲ, ಬಚ್ಚಲದ ಬಾಗಲಾ ತಗದ್ರ ಹಿತ್ತಲ. ಹಿತ್ತಲದಾಗ ಒಂದು ಮುಚ್ಚಿದ ಬಾವಿ, ಒಂದು ಕಲ್ಲಿನ ದ್ವಾಣಿ, ನುಗ್ಗಿ, ಕರಿಬೇವು, ಪೇರಲ, ಬಚ್ಚಲ ನೀರು ಹರಿಯೂ ಕಡೆ ನಾಕು ಬಾಳಿ. ಅಪ್ಪ ಹೋದಮ್ಯಾಲ ಅವ್ವ ಒಬ್ಬಾಕಿನ ಆದ್ಲು, ನಾ ಬೆಂಗಳೂರು ಬಿಟ್ಟು ಇಲ್ಲೇ ಬಂದು ಕೂತು ಕೆಲಸಾ ಮಾಡ್ತೀನಿ. ಅಣ್ಣ ಪುಣೆದಾಗ ಇರ್ತಾನ. ಹಿಂಗಾಗಿ ಬ್ಯಾಸಿಗ್ಯಾಗ ಈ ಮನ್ಯಾಗ ಇರೂವ್ರು ನಾನು, ಅವ್ವ, ಮತ್ತ ಈ ಕಪ್ಪಿಗೋಳು.

ಯಾರ್‍ಯಾರು ಬರ್ತಾವ

ಬರೂ ಕಪ್ಪಿ ಎಲ್ಲಾ ಒಂದ ಜಾತೀವಲ್ಲ. ಗೋಡಿ ಹತ್ತೂದು ಮರಗಪ್ಪಿ. ತೆಳ್ಳಗ, ಉದ್ದನ ಕಾಲು, ಬಟ್ಟಿನ ತುದೀಗೆ ದುಂಡನ ಗಿಣ್ಣ, ಅದರಿಂದ ಟೈಲ್ಸು, ಕನ್ನಡಿ, ಪ್ಲಾಸ್ಟಿಕ್ ಪೈಪು ಏನ ಇರಲಿ ಹತ್ತಿ ಹೋಗ್ತೈತಿ. ಹಗಲೆಲ್ಲಾ ಕೈಕಾಲು ಮೈ ಕೆಳಗ ಮಡಚಿ ಇಟಗೊಂಡು, ಕಣ್ಣು ಮುಚ್ಚಿ, ಬಚ್ಚಲದ ಮಾಡದಾಗ ಸಾಬಾನದ ಡಬ್ಬಿ ಹಿಂದ ಒಂದ ಜಾಗಾದಾಗ ಕುಂತಿರ್ತೈತಿ. ಸುಣ್ಣದ ಗೋಡಿ ಮ್ಯಾಲ ಇದ್ರ ಬೆಳ್ಳಗ ಆಗ್ತೈತಿ, ನುಗ್ಗಿ ಗಿಡದ ತೊಗಟಿ ಮ್ಯಾಲ ಇದ್ರ ಕಂದು ಆಗ್ತೈತಿ. ಕೈಕಾಲು ಮಡಚೂದು ಸುಮ್ಮನ ಅಲ್ಲ, ಗಾಳಿಗೆ ತಗಲೂ ಚರ್ಮ ಎಷ್ಟು ಕಡಿಮಿ ಆತೋ ಅಷ್ಟು ಮೈಯಾಗಿನ ನೀರು ಉಳೀತೈತಿ. ಇನ್ನೊಂದು ಸೋಜಿಗ ಐತಿ, ಚರ್ಮದಿಂದ ಜಿಡ್ಡಿನಂಥಾದ್ದು ಏನೋ ಒಸರಸಿ, ಅದನ್ನ ಕೈಕಾಲಿನಿಂದ ತಲಿಗೆ ಬೆನ್ನಿಗೆ ಎಲ್ಲಾ ಕಡೆ ಒರಸಿಕೋತೈತಿ, ನೀರು ಆರಿಹೋಗಬಾರದು ಅಂತ. ನಾ ಒಮ್ಮೆ ರಾತ್ರಿ ಬಚ್ಚಲದ ಲೈಟ್ ಹಾಕಿದಾಗ ಅದು ಹಂಗ ಒರಸಿಕೊಳ್ಳೂದು ಕಂಡೆ, ತಿಳೀದ ಎಷ್ಟೋ ಹೊತ್ತು ನೋಡಕೋತ ನಿಂತೆ, ಆಮ್ಯಾಲ ಓದಿದಾಗ ಗೊತ್ತಾತು ಅದು ಏನು ಮಾಡ್ತಿತ್ತು ಅಂತ.

ನೆಲದ ಮ್ಯಾಲ ಬರೂದು ನೆಲಗಪ್ಪಿ. ಮೈತುಂಬ ಗಂಟು, ಮಣ್ಣಿನ ಬಣ್ಣ, ಜಿಗಿಯೂದು ಕಡಿಮಿ, ತೆವಳಿದಂಗ ನಡದು ಬರ್ತೈತಿ. ಇದು ಬಚ್ಚಲದ ಮೋರಿಯಿಂದ ಒಳಗ ಬಂದು ನೀರು ಕಾಸೂ ಹಂಡೆ ಒಲಿ ಬಗಲಾಗ ಫರಸಿ ಸಂದ್ಯಾಗ ಕೂರ್ತೈತಿ. ಕಣ್ಣಿನ ಹಿಂದ ಎರಡು ಉಬ್ಬು ಇರ್ತಾವಲ್ಲ, ಅದರಾಗ ವಿಷ ಇರ್ತೈತಿ ಅನ್ನೂದು ಖರೆ, ನಾಯಿ ಬಾಯಿ ಹಾಕಿದ್ರ ಜೊಲ್ಲು ನೊರಿ ಬರ್ತೈತಿ, ಆದ್ರ ಅದು ತಾನಾಗಿ ಯಾರಿಗೂ ಏನೂ ಮಾಡಂಗಿಲ್ಲ. ಮುಟ್ಟಿದ್ರ ಮೈಮ್ಯಾಲ ನರೂಲಿ ಏಳ್ತಾವ ಅನ್ನೂದು ಸುಳ್ಳು. ಮುಟ್ಟಿದ ಕೈ ಕಣ್ಣಿಗೆ ಬಾಯಿಗೆ ಹಚ್ಚದ ತೊಳಕೊಂಡ್ರ ಆತು. ಸಂಜಿಮುಂದ ಇದು ಹಿತ್ತಲದ ಬಲ್ಬಿನ ಕೆಳಗ ಬಂದು ಕುಂತು ಬೀಳೂ ಹುಳಾ ತಿಂತೈತಿ. ನುಂಗೂವಾಗ ಕಣ್ಣು ಮುಚ್ಚತೈತಿ ನೋಡ್ರಿ, ಅದು ರುಚಿಗೆ ಅಲ್ಲ, ಕಣ್ಣಿನ ಗುಡ್ಡಿ ಒಳಗ ಇಳದು ಗಂಟಲಕ್ಕ ಹುಳಾ ದೂಡೂದು ಕಪ್ಪಿಗೋಳ ಪದ್ಧತಿ. ಇವೆರಡೂ ಅಲ್ಲದ ಒಂದೊಂದು ವರ್ಷ ಉಗುರಿನಷ್ಟು ಸಣ್ಣು ಬರ್ತಾವ, ಅವು ಯಾವು ಅಂತ ಗುರ್ತು ಹಿಡಿಯೂದ್ರಾಗ ಕಾಣದಂಗ ಆಗ್ತಾವ.

ಹಸಿ ಹುಡಕೊಂಡು

ಕಪ್ಪಿ ಬಾಯಿಲೆ ನೀರು ಕುಡಿಯಂಗಿಲ್ಲ. ಇದೊಂದು ಮಾತು ಗೊತ್ತಾದಮ್ಯಾಲ ನನಗ ಉಳದದ್ದೆಲ್ಲಾ ತಾನ ಬಿಡಸಿಕೋತ ಹೋತು. ಹೊಟ್ಟಿ ಕೆಳಗ, ಹಿಂದಿನ ತೊಡಿ ಸಂದಿನ ತೆಳು ಚರ್ಮದಿಂದ ಅದು ನೀರು ಹೀರಕೋತೈತಿ, ಹಸಿ ಫರಸಿ ಮ್ಯಾಲ ಹೊಟ್ಟಿ ಹಚ್ಚಿ ಕುಂತ್ರ ಅದ ಅದಕ್ಕ ಕುಡಿಯೂದು. ಉಸರಾಟದಾಗ ಸೈತ ಒಂದು ಪಾಲು ಕೆಲಸ ಚರ್ಮದ್ದು, ಆ ಚರ್ಮ ಹಸಿ ಇದ್ರಷ್ಟ ನಡೀತೈತಿ. ಹಂಗಾದ್ರ ವಿಜಯಪುರದಂಥಾ ಊರಾಗ, ವರ್ಷಕ್ಕ 600 ಮಿಲಿಮೀಟರ್ ಮಳಿನೂ ತುಂಬದಂಥಾ ಜಿಲ್ಲಾದಾಗ, ಅದೂ ಜೂನಿಂದ ಅಕ್ಟೋಬರ್ ಒಳಗ ಬಂದು ಮುಗಿಯೂವಾಗ, ಏಪ್ರಿಲ್ ಮೇದಾಗ ಹಸಿ ಜಾಗಾ ಎಲ್ಲಿ ಇರ್ತೈತಿ? ಹೊಲದಾಗ ಎರಿ ಮಣ್ಣು ಕೈ ಹೋಗೂವಷ್ಟು ಬಿರದಿರ್ತೈತಿ. ಹಳ್ಳ ಅನ್ನೂದು ಬರೇ ಉಸುಕು. ಖಂದಕದಾಗ ಜಾಲಿ ಕಂಟಿ. ಇಡೀ ಓಣ್ಯಾಗ ಹಸಿ ಉಳದದ್ದು ಅಂದ್ರ ಮನಶ್ಯಾರು ಜಳಕಾ ಮಾಡೂ ಜಾಗಾ, ಭಾಂಡೆ ತಿಕ್ಕೂ ಜಾಗಾ, ನೀರು ತುಂಬಿಡೂ ಜಾಗಾ. ಕಪ್ಪಿ ನಮ್ಮ ಮನಿಗೆ ಬರೂದಿಲ್ಲ, ನಮ್ಮ ಹಸೀಗೆ ಬರ್ತಾವ.

ಈ ಊರಾಗ ನೀರು ತುಂಬಿಡೂದು ಹೆಂಗ ಅಂತ ಇಲ್ಲಿಯವ್ರಿಗೆ ಹೇಳೂದು ಬೇಕಿಲ್ಲ. ನಳ ದಿನಾ ಬರಂಗಿಲ್ಲ, ಬಂದ ದಿವಸ ನೀರಿನ ಹೌದ, ಡ್ರಮ್ಮು, ಕೊಡ, ಪಾತೇಲಿ, ಕಡಿಗೆ ತಂಬಗಿ ಸೈತ ತುಂಬತೀವಿ. ಹೌದ ತುಂಬಿ ಸೋರತೈತಿ, ಡ್ರಮ್ಮಿನ ಬುಡಕ ತ್ಯಾವ ನಿಲ್ಲತೈತಿ, ಗಡಗಿ ಜಿನಗತೈತಿ, ಗಡಗಿ ಕೆಳಗಿನ ಉಸುಕು ಯಾವಾಗಲೂ ಥಂಡ. ಆ ನೀರು ಬರೂದು ನಮ್ಮ ಜಿಲ್ಲಾದ ಕೊಲ್ಹಾರದಿಂದ, ಕೃಷ್ಣಾ ಹೊಳಿಯಿಂದ, ಆಲಮಟ್ಟಿ ಹಿನ್ನೀರಿನ ಕಡೆಯಿಂದ. ಅಲ್ಲಿಂದ ಪೈಪಿನ್ಯಾಗ ಬಂದು ನಮ್ಮ ಹೌದಿಗೆ ಬಿದ್ದು, ಅಲ್ಲಿಂದ ಅವ್ವನ ಚರಿಗಿಗೆ ಬಂದು, ಫರಸಿ ಮ್ಯಾಲ ಚೆಲ್ಲಿ, ಆ ಫರಸಿ ಮ್ಯಾಲ ಕುಂತ ನೆಲಗಪ್ಪಿ ಹೊಟ್ಟಿ ಒಳಗ ಹೋಗ್ತೈತಿ. ಹೊಳಿ ದಂಡಿ ಕಂಡೇ ಇರದ ಪ್ರಾಣಿ ಬ್ಯಾಸಿಗಿ ಪೂರ್ತಿ ಕೃಷ್ಣಾ ನೀರ ಮ್ಯಾಲ ಬದುಕತೈತಿ ಅಂದ್ರ ನನಗ ಅದು ಸಣ್ಣ ಮಾತು ಅನಸಂಗಿಲ್ಲ.

ಇಂಥಾ ಬಿಸಲಾಗ ಮನಿಯೊಳಗ ಬರಲಾರದ ಕಪ್ಪಿಗೋಳು ಏನು ಮಾಡ್ತಾವ ಅನ್ನೂದು ನಾ ಮೊದಲ ಸಲ ನೋಡಿದ್ದು ಟಿಕೋಟಾ ಕಡೆ ಕಾಕಾನ ಹೊಲದಾಗ. ನಾ ಇನ್ನೂ ಹೈಸ್ಕೂಲಿನ್ಯಾಗ ಇದ್ದೆ, ಬ್ಯಾಸಿಗಿ ಸೂಟಿ. ಕಾಕಾ ಹೊಸಾದಾಗಿ ದ್ರಾಕ್ಷಿ ಪಡ ಹಾಕ್ತಿದ್ದ, ಕಂಬ ನಿಲ್ಲಸಾಕ ತಗ್ಗು ತಗಸೂದು ನಡದಿತ್ತು. ಆಳುಮಕ್ಕಳು ಹಾರಿಲೆ ಹೊಡದು ಹೊಡದು ಮ್ಯಾಲಿನ ಎರಿ ದಾಟಿ ಗರಸು ಹತ್ತೂ ಹೊತ್ತಿಗೆ ಒಬ್ಬಾಂವ ತಡದ. ಸಲಿಕಿ ಬದಿಗಿಟ್ಟು ಕೈಲೆ ಮಣ್ಣು ಸರಸಿದ. ಒಳಗ ರೊಟ್ಟಿಗೆ ನಾದಿದ ಹಿಟ್ಟಿನ ಉಂಡಿ ಹಂಗ ದುಂಡಗ ಒಂದು ಕಪ್ಪಿ. ಕತ್ತು ಇಲ್ಲ, ಮುಖ ಇದ್ದೂ ಇಲ್ಲದಂಗ, ಕಾಲು ಒಳಗ ಸೇರಿಸಿಕೊಂಡಿತ್ತು. ನಾ ಕಾಕಾಗ ಕೇಳಿದೆ, ‘ಕಾಕಾ, ಇದು ಸತ್ತೈತೇನು?’ ಕಾಕಾ ಬಗ್ಗಿ ನೋಡಿ, ‘ಇಲ್ಲವಾ, ಮಲಗೇತಿ. ಮಳಿ ಹಾದಿ ಕಾಯಾಕತ್ತೇತಿ. ಭಾಳೊತ್ತು ಬಿಸಲಿಗೆ ಹಿಡೀಬ್ಯಾಡ್ರಿ ಅದನ್ನ’ ಅಂದ. ಕಂಬದ ಸಾಲು ನೆಟ್ಟಗ ಬರಬೇಕು, ಹಂಗಾಗಿ ತಗ್ಗು ಬದಲಿ ಮಾಡಾಕ ಬರಂಗಿರಲಿಲ್ಲ. ಹಸಿ ಗೋಣಿ ಚೀಲದಾಗ ಸುತ್ತಿ ಬೇವಿನ ಗಿಡದ ಬುಡಕ್ಕ ಒಯ್ದ, ಕುಡಿಯೂ ನೀರಿನ ಗಡಗಿ ಇಡೂ ಜಾಗಾ ಅದು, ಅಲ್ಲಿ ತ್ಯಾವ ಇದ್ದ ಮಣ್ಣು ಕೆದರಿ ಅದನ್ನ ಇಟ್ಟ. ನಾವು ಕುಂತು ನೋಡೂದ್ರಾಗ ಅದಕ್ಕ ಎಚ್ಚರಾಗಿ ಹಿಂಗಾಲಿಲೆ ಮಣ್ಣು ಬಗಿಯಾಕ ಸುರು ಮಾಡ್ತು, ತಲಿ ಮ್ಯಾಲ ಮಾಡಿ ಹಿಂದ ಹಿಂದ ಸರಕೋತ ಮಣ್ಣಾಗ ಇಳದು ಹೋತು. ಈ ಜಾತಿ ಕಪ್ಪಿಗೆ ಹಿಂಗಾಲಿನ ಅಂಗಾಲದಾಗ ಬಿರುಸು ಗಂಟು ಇರ್ತೈತಿ, ಅದ ಅದರ ಸಲಿಕಿ. ಒರಲಿ, ಇರಬಿ ಇವ ಅದರ ಊಟ. ಒರಲಿ ಬಗ್ಗೆ ಕಾಕಾಗ ಚಲೋ ಗೊತ್ತಿತ್ತು, ಅದಕ್ಕ ಆಂವಗ ಕಪ್ಪಿ ಕಂಡ್ರ ಒಂದು ಗೌರವ ಇತ್ತು.

ಆವತ್ತು ನನ್ನ ಮನಸಿನ್ಯಾಗ ನಿಂತದ್ದು ಆ ತಗ್ಗಿನ ಆಳ. ಅಷ್ಟು ಕೆಳಗ ಹೋಗಿ, ತಿಂಗಳಗಟ್ಟಲೆ ಉಪಾಸ, ಉಸರು ಸಣ್ಣ ಮಾಡಿ, ಮಳಿ ಸಪ್ಪಳ ಕೇಳೂ ತನಕ ಕೂರೂದು ಅಂದ್ರ ಅದು ಈ ನಾಡಿಗೆ ಪೂರ್ತಿ ಹೊಂದಿಕೊಂಡ ಜೀವ. ನೆಲಗಪ್ಪಿ, ಮರಗಪ್ಪಿಗೆ ಅಷ್ಟು ಆಳ ಇಳಿಯೂ ಶಕ್ತಿ ಇಲ್ಲ. ಅವಕ್ಕ ಸಂದಿ ಬೇಕು, ನೆಳ್ಳ ಬೇಕು, ತ್ಯಾವ ಬೇಕು. ಅಂದ್ರ ಅವಕ್ಕ ಹಳೀ ಮನಿ ಬೇಕು.

ಹೊರಗ ಒಗಿಯೂದು

ನಮ್ಮ ಓಣ್ಯಾಗ ಕಪ್ಪಿ ಬಂತಂದ್ರ ಮಾಡೂದು ಮೂರು. ಒಂದು, ಉಪ್ಪು ಉಗ್ಗೂದು. ಎರಡು, ಫಿನಾಯಿಲ್ ಇಲ್ಲಾ ಬ್ಲೀಚಿಂಗ್ ಪೌಡರ್ ಹಾಕೂದು. ಮೂರು, ಕಸಬರಗೀಲೆ ದೂಡಿ ಇಲ್ಲಾ ಪ್ಲಾಸ್ಟಿಕ್ ಚೀಲದಾಗ ಹಿಡದು ಓಣಿಗೆ ಒಗಿಯೂದು. ಉಪ್ಪು ಹಾಕೂವ್ರು ಅದು ಓಡಿಹೋಗ್ತೈತಿ ಅಂತಾರ, ಓಡಿಹೋಗೂದು ಖರೆ, ಆದ್ರ ಉಪ್ಪು ಆ ಚರ್ಮದಿಂದ ನೀರು ಜಗ್ಗತೈತಿ, ಅದಕ್ಕ ಮೈ ಉರದು ಹೋಗ್ತೈತಿ. ಫಿನಾಯಿಲ್ ನಾವು ನೆಲಕ್ಕ ಹಾಕ್ತೀವಿ, ಆ ನೆಲದ ಮ್ಯಾಲ ಹೊಟ್ಟಿ ಹಚ್ಚಿ ಕುಡಿಯೂ ಪ್ರಾಣಿ ಅದನ್ನ ಕುಡದಂಗ ಆತು. ಇವೆರಡು ಕ್ರೂರ ಅನ್ನೂದು ಒಮ್ಮೆ ಹೇಳಿದ್ರ ಜನಕ್ಕ ತಿಳೀತೈತಿ, ಎದುರು ಮನಿ ಕಾಕೂಗೆ ಹೇಳಿದಮ್ಯಾಲ ಅಕಿ ಉಪ್ಪು ಬಿಟ್ಲು.

ಮೂರನೇದು ಕ್ರೂರ ಅಂತ ಯಾರಿಗೂ ಅನಸಂಗಿಲ್ಲ. ಕೊಲ್ಲಲಿಲ್ಲ, ಹೊರಗ ಬಿಟ್ಟೆ, ಪುಣ್ಯ ಬಂತು ಅಂತ ಬಾಗಲಾ ಹಾಕ್ಕೋತಾರ. ಆದ್ರ ನನಗ ಕಾಡೂದು ಇದ. ಕಪ್ಪಿ ಹಿಡದ್ರ ಅದು ಅಂಜಿ ಉಚ್ಚಿ ಹೊಯ್ತೈತಿ, ಎಲ್ಲಾರಿಗೂ ಗೊತ್ತಿದ್ದದ್ದು, ಅದಕ್ಕ ಥೂ ಅಂತ ಕೈ ಝಾಡಸ್ತಾರ. ಆ ಉಚ್ಚಿ ಹೊಲಸಲ್ಲ. ಅದು ಕಪ್ಪಿ ಕೂಡಿಟ್ಟ ನೀರು. ಬ್ಯಾಸಿಗ್ಯಾಗ ಉಚ್ಚಿಚೀಲದಾಗ ತೆಳ್ಳನ ನೀರು ತುಂಬಿಟಗೊಂಡಿರ್ತೈತಿ, ಹೊರಗ ತ್ಯಾವ ಸಿಗಲಿಲ್ಲ ಅಂದ್ರ ಅದನ್ನ ಮತ್ತ ಮೈಯೊಳಗ ಹೀರಕೊಂಡು ದಿವಸ ದೂಡತೈತಿ. ನಾವು ಹಿಡದ ಕೂಡಲೆ ಆ ಹೌದ ಖಾಲಿ. ಖಾಲಿ ಹೊಟ್ಟೀಲೆ ಅದನ್ನ ಮೇ ತಿಂಗಳ ಬಿಸಲಾಗ ಕಾದ ಸಿಮೆಂಟ್ ರಸ್ತೆ ಮ್ಯಾಲ ಒಗದ್ರ ಅದು ಎಲ್ಲಿಗೆ ಹೋಗಬೇಕು? ಆಚೆ ಗಟಾರ ಸೈತ ಈಗ ಮುಚ್ಚಿದ ಗಟಾರ. ಮರದಿನ ಮುಂಜಾನೆ ರಸ್ತೆ ಮ್ಯಾಲ ಒಣಗಿ ಚಕ್ಕಳ ಆಗಿ ಬಿದ್ದಿರ್ತಾವಲ್ಲ ಕಪ್ಪಿ, ಗಾಡಿ ಹಾದು ಸತ್ತದ್ದು ಅಂತ ತಿಳೀತೀವಿ, ಎಲ್ಲಾವೂ ಗಾಡಿಗೆ ಸತ್ತಿರಂಗಿಲ್ಲ.

ಹಂಗಂತ ಹೊರಗ ಹಾಕಬ್ಯಾಡ್ರಿ ಅಂತ ನಾ ಯಾರಿಗೂ ಹೇಳಂಗಿಲ್ಲ. ಮಲಗೂ ಕೋಣ್ಯಾಗ, ಅಡಗಿ ಕಟ್ಟಿ ಮ್ಯಾಲ ಕಪ್ಪಿ ಯಾರಿಗೂ ಬ್ಯಾಡ, ನನಗೂ ಬ್ಯಾಡ. ಹೇಳೂದು ಇಷ್ಟ, ಕೈ ನೀರಾಗ ತೊಯಿಸಿಕೊಂಡು ಇಲ್ಲಾ ಹಸಿ ಅರಿವೀಲೆ ಹಿಡೀರಿ, ರಾತ್ರಿ ಬಿಡ್ರಿ, ತ್ಯಾವ ಇದ್ದಲ್ಲಿ ಬಿಡ್ರಿ. ಹಿತ್ತಲದಾಗ ಬಾಯಿ ಒಡದ ಗಡಗಿ ಬೋರಲಾಗಿ ಇಟ್ಟು, ಒಂದು ಕಡೆ ಸಂದಿ ಬಿಟ್ಟು, ಮ್ಯಾಲ ದಿನಾ ಸಂಜಿಮುಂದ ಒಂದು ತಂಬಗಿ ನೀರು ಚೆಲ್ಲಿದ್ರ ನೆಲಗಪ್ಪಿಗೆ ಅಷ್ಟ ಸಾಕು. ನಮ್ಮಲ್ಲಿ ತುಳಸಿಕಟ್ಟಿ ಹಿಂದ ಇಟ್ಟೀವಿ. ಇಟ್ಟಮ್ಯಾಲ ಬಚ್ಚಲಕ್ಕ ಬರೂವು ಖರೇನ ಕಡಿಮಿ ಆಗ್ಯಾವ. ಇನ್ನೊಂದು, ಹೌದಿಗೆ, ಸಂಪಿಗೆ ಒಳಗ ಬಿದ್ದ ನೆಲಗಪ್ಪಿಗೆ ನುಣ್ಣನ ಸಿಮೆಂಟ್ ಗೋಡಿ ಹತ್ತಾಕ ಬರಂಗಿಲ್ಲ, ಈಜಿ ಈಜಿ ದಣದು ಮುಳಗತಾವ. ಒಂದು ಹಗ್ಗಾನೋ ಹಲಗಿನೋ ಇಳಿಬಿಟ್ಟಿದ್ರ ಹತ್ತಿ ಬರ್ತಾವ. ನೀರಿಗೆ ಹೆಣದ ನಾತ ಬರೂದೂ ತಪ್ಪತೈತಿ.

ಅವ್ವನ ಮಾತು ಬ್ಯಾರೆ. ಅಕಿಗೆ ಕಪ್ಪಿ ಬಗ್ಗೆ ಹೇಸಿಕಿ ಇಲ್ಲ, ಅಂಜಿಕಿನೂ ಇಲ್ಲ. ‘ಕಪ್ಪಿ ಇದ್ದಲ್ಲಿ ಹಾವು ಬರ್ತೈತಿ, ಯವ್ವಾ. ಮನ್ಯಾಗ ಸಣ್ಣ ಹುಡುಗ್ರು ಬಂದಾಗ ಏನ್ ಮಾಡ್ತಿ?’ ಅಂತಾಳ. ಇದಕ್ಕ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಕ್ಯಾರಿ ಹಾವು, ನೀರು ಹಾವು, ನಾಗರ ಹಾವು ಎಲ್ಲಾವೂ ಕಪ್ಪಿ ತಿಂತಾವ. ಬ್ಯಾಸಿಗ್ಯಾಗ ಹಾವಿಗೂ ಥಂಡ ಜಾಗಾ ಬೇಕು. ಆದ್ರ ಹಳೀ ಮನಿಗೆ ಹಾವು ತರೂದ್ರಾಗ ಇಲಿ ಪಾಲು ದೊಡ್ಡದು, ಜ್ವಾಳದ ಚೀಲ ಇರೂ ಕೋಣ್ಯಾಗಿನ ಬಿಲ ಮುಚ್ಚಿಸೂದನ್ನ ಅವ್ವ ಎಷ್ಟೋ ವರ್ಷದಿಂದ ಮುಂದ ಹಾಕೋತ ಬಂದಿದ್ಲು. ಕಡಿಗೆ ಇಬ್ಬರೂ ಒಂದು ಮಾತಿಗೆ ಬಂದ್ವಿ. ಬಿಲ ಎಲ್ಲಾ ಗಚ್ಚು ಹಾಕಿ ಮುಚ್ಚಿಸಿದ್ವಿ. ಬಚ್ಚಲದಿಂದ ಅಡಗಿಮನಿಗೆ ಬರೂ ಬಾಗಲದ ಕೆಳಗಿನ ಸಂದಿಗೆ ಪಟ್ಟಿ ಹೊಡಿಸಿದ್ವಿ. ಮೋರಿಗೆ ಜಾಳಗಿ ಹಾಕಿಸಿದ್ವಿ, ಹಾವು ತೂರಲಾರದಷ್ಟು ಸಣ್ಣದು. ಹಂಗಾಗಿ ಈಗ ನೆಲಗಪ್ಪಿ ಹಿತ್ತಲದಾಗ, ಮರಗಪ್ಪಿ ಕಿಡಕಿಯಿಂದ ಬಂದದ್ದು ಬಚ್ಚಲದಾಗ, ನಡುಮನಿ ನಮ್ಮದು. ರಾತ್ರಿ ಹಿತ್ತಲಕ್ಕ ಹೋಗೂವಾಗ ಬ್ಯಾಟರಿ ಹಿಡಕೊಂಡ ಹೋಗಬೇಕು ಅನ್ನೂದು ಅವ್ವನ ಕಾಯ್ದೆ, ಅದು ಸರಿ ಐತಿ.

ಬಾವಡಿ ಇದ್ದ ಊರು

ಹಿಂಗ ಕಪ್ಪಿ ಮನಿ ಬಚ್ಚಲ ನಂಬೂದು ಮೊದಲಿಂದ ಹಿಂಗ ಇತ್ತೇನು ಅಂತ ವಿಚಾರ ಮಾಡಿದ್ರ, ನಮ್ಮ ಊರ ಕಟ್ಟಣಿಯೇ ಒಂದು ಉತ್ತರ ಹೇಳತೈತಿ. ಆದಿಲ್‌ಶಾಹಿಯವ್ರು ಈ ಒಣಾ ಭೂಮ್ಯಾಗ ಅಷ್ಟು ದೊಡ್ಡ ಪಟ್ಟಣ ಕಟ್ಟಿ ನೀರಿನ ಸಲುವಾಗಿ ಮಾಡಿದ ಕೆಲಸ ಗುಮ್ಮಟಕ್ಕಿಂತ ನನಗ ದೊಡ್ಡದು ಅನಸತೈತಿ. 1579ರ ಚಾಂದ ಬಾವಡಿ, 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್, ಅಲ್ಲಿಂದ ಮಣ್ಣಿನ ಕೊಳವ್ಯಾಗ ಊರೊಳಗ ಬರ್ತಿದ್ದ ನೀರು, ನಡುನಡುವ ನೀರಿನ ಒತ್ತಡ ತಡಿಯೂ ಗಂಜ್ ಅನ್ನೂ ಗೋಪುರ, ಓಣಿ ಓಣಿಗೆ ಸಣ್ಣ ದೊಡ್ಡ ಬಾವಡಿ. ಬಾವಡಿ ಅಂದ್ರ ಮೆಟ್ಟಲಾ ಇಳದು ಹೋಗೂದು. ಮನಶ್ಯಾಗ ಇಳಿಯಾಕ ಬರೂ ಜಾಗಾ ಕಪ್ಪಿಗೂ ಹತ್ತಾಕ ಇಳಿಯಾಕ ಬರ್ತೈತಿ. ಕಲ್ಲಿನ ಸಂದಿ, ಪಾಚಿ, ವರ್ಷ ಪೂರ್ತಿ ನೀರು. ಬ್ಯಾಸಿಗ್ಯಾಗ ಇಡೀ ಓಣಿಯ ಕಪ್ಪಿಗೋಳು ಅಲ್ಲಿ ಇರ್ತಿದ್ದಾವು ಅಂತ ಅಂದಾಜು ಮಾಡೂದು ಕಷ್ಟ ಅಲ್ಲ. ನಳ ಬಂದ್ವು, ಬಾವಡಿ ಬಳಿಕಿ ತಪ್ಪಿತು, ಕಸಾ ಬಿದ್ದು, ಗಣಪತಿ ಮುಳಗಿಸಿ, ಎಷ್ಟೋ ತುಂಬಿ ಹೋದ್ವು. ನಮ್ಮ ಹಿತ್ತಲದ ಬಾವಿ ಸೈತ ಅಪ್ಪ ಇದ್ದಾಗ ಹುಡುಗ್ರು ಬೀಳಬಾರದು ಅಂತ ಕಾಂಕ್ರೀಟ್ ಹಾಕಿ ಮುಚ್ಚಿಸಿದ್ದು. ಇತ್ತೀಚಿನ ವರ್ಷದಾಗ ಊರಾಗಿನ ಸುಮಾರು ಬಾವಡಿ ಹೂಳು ತಗದು ಸ್ವಚ್ಛ ಮಾಡ್ಯಾರ, ಅದು ಭಾಳ ಚಲೋ ಕೆಲಸ. ಕೆಲವು ಕಡೆ ಮ್ಯಾಲಿಂದ ಬಗ್ಗಿ ನೋಡಿದ್ರ ನೀರ ಮ್ಯಾಲ ಕಣ್ಣಷ್ಟ ಹೊರಗಿಟ್ಟು ತೇಲೂ ನೀರುಗಪ್ಪಿ ಮತ್ತ ಕಾಣಸ್ತಾವ, ಸಪ್ಪಳಾದ್ರ ನೀರ ಮ್ಯಾಲನ ಪಟಪಟ ಜಿಗದು ಓಡಿಹೋಗ್ತಾವ.

ಮಳಿ ಬಂದ ರಾತ್ರಿ ಮಾತ್ರ ಈ ಊರು ಕಪ್ಪಿಗೋಳದ್ದು. ರೈತರಿಗೆ ಪಂಚಾಂಗದಾಗ ಒಂದೊಂದು ಮಳಿ ನಕ್ಷತ್ರಕ್ಕ ಒಂದೊಂದು ವಾಹನ, ಆನಿ, ಕುದರಿ, ಎಮ್ಮಿ, ನರಿ, ನವಿಲು, ಇಲಿ, ಕತ್ತಿ, ಕಪ್ಪಿ. ವಾಹನ ಕಪ್ಪಿ ಅಂತ ಬಂದ್ರ ಕಾಕಾನ ಮುಖ ಅರಳತಿತ್ತು, ಈ ಮಳಿ ಆಗ್ತೈತಿ ಅಂತ. ಮಳಿ ಹೋದ್ರ ಊರವ್ರು ಕಪ್ಪಿ ಮದುವಿ ಮಾಡಸೂದೂ ಐತಿ. ಮಳಿಗೂ ಕಪ್ಪಿಗೂ ಇರೂ ನಂಟು ನಮ್ಮ ಹಿರಿಯಾರಿಗೆ ಹೇಳಿಕೊಡಬೇಕಾಗಿದ್ದಿಲ್ಲ. ಸಣ್ಣಾಕಿ ಇದ್ದಾಗ ಮೊದಲ ದೊಡ್ಡ ಮಳಿ ನಿಂತಮ್ಯಾಲ ಅಪ್ಪ ನನ್ನ ಸೈಕಲ್ ಮ್ಯಾಲ ಕುಂದರಿಸಿಕೊಂಡು ಖಂದಕದ ದಂಡಿಗೆ ಕರಕೊಂಡ ಹೋಗಿದ್ದ. ಕರೆಂಟ್ ಹೋಗಿತ್ತು. ಒಳಗ ಮೊಣಕಾಲಮಟ ನೀರು, ಅದರ ತುಂಬ ಗೋಂಕರ ಕಪ್ಪಿ. ಬ್ಯಾಟರಿ ಬೆಳಕಿನ್ಯಾಗ ನೋಡಿದ್ರ ಗಂಡು ಕಪ್ಪಿ ಅರಿಷಿಣ ಹಳದಿ, ಗಂಟಲದ ಎರಡೂ ಕಡೆ ನೀಲಿ ಚೀಲ ಉಬ್ಬಿ ಉಬ್ಬಿ ಇಳೀತಿದ್ವು. ಯಾವ ಮಣ್ಣಿನ್ಯಾಗ ಇದ್ವು, ಯಾವಾಗ ಎದ್ವು, ಮುಂಜಾನೆ ಅಲ್ಲಿ ಬರೇ ಧೂಳಿತ್ತಲ್ಲ ಅಂತ ನಾ ಅಪ್ಪಗ ಕೇಳಕೋತ ಇದ್ದೆ. ಅಪ್ಪ ಮಾತಾಡಬ್ಯಾಡ ಅಂತ ಸನ್ನಿ ಮಾಡಿದ. ಆ ಒದರಾಟದಾಗ ನನ್ನ ಮಾತು ಅವಕ್ಕ ಕೇಳಸ್ತಿದ್ದಿಲ್ಲ, ಅಪ್ಪಗ ಕೇಳಬೇಕಾಗಿತ್ತು ಆ ಸಪ್ಪಳ. (ಈ ಕಪ್ಪಿ ಕಾಲನ್ನ ನಮ್ಮ ದೇಶದಿಂದ ಪರದೇಶಕ್ಕ ಟನ್ನುಗಟ್ಟಲೆ ಮಾರ್ತಿದ್ರು, 1987ರಾಗ ಬಂದ್ ಆತು. ಗದ್ದಿ ಹೊಲದಾಗಿನ ಹುಳಾ ತಿನ್ನೂ ಪ್ರಾಣಿ ಮಾರಿ ಹುಳದ ಎಣ್ಣಿ ತರಸೂದು ಯಾವ ಲೆಕ್ಕ ಅಂತ ಆವಾಗ ಕೇಳಿದವ್ರು ಇದ್ರು, ಅವರ ಮಾತು ನಡೀತು ಅನ್ನೂದು ನನಗ ಸಮಾಧಾನ.)

ಅಂದ್ರ ನನ್ನ ಉಲ್ಟಾ ಅನ್ನೂ ಪ್ರಶ್ನಿಗೆ ಉತ್ತರ ಇಲ್ಲಿ ಐತಿ. ಬ್ಯಾಸಿಗಿ ಮನಿ ಅವಕ್ಕ ಜೀವ ಹಿಡಕೊಂಡು ಕೂರೂ ಜಾಗಾ. ಬಾಳುವೆ ಎಲ್ಲಾ ಹೊರಗ, ಮಳಿ ನೀರಾಗ. ಜೋಡಿ ಹುಡುಕೂದು, ತತ್ತಿ ಇಡೂದು, ಮರಿ ಮಾಡೂದು. ಮಳಿ ಬಿದ್ದಮ್ಯಾಲೂ ಮನ್ಯಾಗ ಕೂತ್ರ ಅದರ ವರ್ಷ ವ್ಯರ್ಥ.

ದ್ವಾಣಿ

ಆದ್ರ ಒಂದು ಜಾತಿ ತತ್ತಿ ಇಡಾಕೂ ನಮ್ಮ ಹಿತ್ತಲಾನ ನಂಬೇತಿ. ಹಿತ್ತಲದಾಗಿನ ಕಲ್ಲಿನ ದ್ವಾಣಿ ಮೊದಲು ದನಕ್ಕ ನೀರು ಕುಡಿಸಾಕ ಇದ್ದದ್ದು, ಆಯಿ ಕಾಲದ್ದು. ಈಗ ದನಾ ಇಲ್ಲ, ಮಳಿ ನೀರು ತುಂಬತೈತಿ, ಅವ್ವ ಅದರಾಗಿನ ನೀರು ಗಿಡಕ್ಕ ಹಾಕ್ತಾಳ. ಹೋದ ವರ್ಷ ಜೂನ್ ಕಡೀಕ ಒಂದು ರಾತ್ರಿ ಎಲ್ಲಾ ಟಕ್ ಟಕ್ ಟಕ್ ಅಂತ ಯಾರೋ ಕಟಗಿ ಬಡದಂಗ ಸಪ್ಪಳ. ಮರಗಪ್ಪಿ ಒದರೂದು ಹಂಗ ಇರ್ತೈತಿ. ಮುಂಜಾನೆ ಅವ್ವ ಕಸಬರಗಿ ಹಿಡಕೊಂಡು ದ್ವಾಣಿ ಹತ್ರ ನಿಂತು, ‘ಇಲ್ಲಿ ಯಾರ ಅರಿವಿ ಒಗದ್ರು? ಸಬಕಾರದ ಬುರುಗು ಹಂಗ ಬಿಟ್ಟಾರಲ್ಲ’ ಅಂದ್ಲು. ದ್ವಾಣಿ ಒಳಗಿನ ಗ್ವಾಡಿಗೆ, ನೀರಿಗಿಂತ ಗೇಣು ಮ್ಯಾಲ, ಹಳದಿ ಮಿಶ್ರ ಬಿಳಿ ಬುರುಗು ಮೆತ್ತಿಕೊಂಡಿತ್ತು. ನಾ ಓಡಿ ಹೋಗಿ, ‘ಅವ್ವಾ, ತಡಿ, ಅದು ಕಪ್ಪಿ ತತ್ತಿ’ ಅಂದೆ.

ಹೆಣ್ಣು ಕಪ್ಪಿ ತತ್ತಿ ಇಡೂವಾಗ ಬಿಡೂ ಲೋಳಿಯನ್ನ ಹಿಂಗಾಲಿಲೆ ಕಡದು ಕಡದು ಬುರುಗು ಮಾಡತೈತಿ, ತತ್ತಿ ಅದರೊಳಗ. ಹೊರಗಿನ ಪದರು ಗಾಳಿಗೆ ಗಟ್ಟಿ ಆಗಿ ಒಳಗ ತ್ಯಾವ ಉಳೀತೈತಿ. ನೀರಾಗ ಇಟ್ರ ಬ್ಯಾರೆ ಹುಳಾ, ಬ್ಯಾರೆ ಗೊದಮೊಟ್ಟಿ ತಿಂದು ಹಾಕ್ತಾವ, ಅದಕ್ಕ ನೀರಿನ ಮ್ಯಾಲ ತೂಗಹಾಕೂದು. ಮರಿ ಒಡದಮ್ಯಾಲ ಬುರುಗು ಕರಗಿ ಗೊದಮೊಟ್ಟಿ ಕೆಳಗ ನೀರಿಗೆ ಬೀಳ್ತಾವ. ಹಿಂಗ ಅಂತ ನಾ ಹೇಳಿದೆ, ಅವ್ವ ನಂಬಲಿಲ್ಲ, ಆದ್ರ ಕಸಬರಗಿ ಕೆಳಗಿಟ್ಲು. ಮೂರ್‍ನಾಕು ದಿವಸದಾಗ ಬುರುಗಿನ ಬುಡಕ ಹಸಿ ಆಗಿ, ಅವ್ವ ಹಾಲಿನ ಗಂಗಾಳ ಕೈಯಾಗ ಹಿಡಕೊಂಡು ಅಲ್ಲೇ ನಿಂತಾಗನ ಒಂದೊಂದು ಹನಿ ಹಂಗ ಬಿದ್ವು. ‘ಅಯ್ಯ ಶಿವನ’ ಅಂದ್ಲು, ಹಾಲು ಆರಿಹೋಗೂ ತನಕ ನಿಂತ್ಲು.

ಆಮ್ಯಾಲ ಅವ್ವ ಆ ದ್ವಾಣಿ ನೀರು ಮುಟ್ಟಲಿಲ್ಲ. ಗಿಡಕ್ಕ ಹೌದಿನ ನೀರು ಹೊತ್ತು ಹಾಕಿದ್ಲು, ಮೊಣಕಾಲು ನೋವು ಅಂತ ಅನಕೋತ. ನಡುವ ಮಳಿ ಕೈಕೊಟ್ಟು ದ್ವಾಣಿ ಬತ್ತಾಕ ಬಂದಾಗ ಎರಡು ಕೊಡ ನೀರು ತಂದು ಹಾಕಿದ್ಲು, ನಳದ ನೀರಾಗ ಔಷಧ ಇರ್ತೈತಿ, ಒಂದು ದಿವಸ ಬಿಸಲಿಗೆ ಇಟ್ಟು ಹಾಕು ಅಂತ ನಾ ಹೇಳಿದ್ದಕ್ಕ ಹಂಗ ಮಾಡಿದ್ಲು. ಗೊದಮೊಟ್ಟಿ ಪಾಚಿ ತಿಂದು ದ್ವಾಣಿ ಗ್ವಾಡಿ ಸ್ವಚ್ಛ ಆತು. ಹಿಂಗಾಲು ಬಂದ್ವು, ಆಮ್ಯಾಲ ಮುಂಗಾಲು, ಆಮ್ಯಾಲ ಬಾಲ ಇನ್ನೂ ಇದ್ದಂಗನ ಸಣ್ಣ ಸಣ್ಣು ಗ್ವಾಡಿ ಹತ್ತಿ ಕರಿಬೇವಿನ ಎಲಿ ಮ್ಯಾಲ ಕುಂದರಾಕ ಹತ್ತಿದ್ವು. ಶ್ರಾವಣದಾಗ ಒಗ್ಗರಣಿಗೆ ಕರಿಬೇವು ಹರಿಯೂವಾಗ ಅವ್ವ ಮೊದಲು ಟೊಂಗಿ ಅಲುಗಾಡಿಸಿ, ಎಲಿ ತಿರುವಿ ನೋಡಿ, ಆಮ್ಯಾಲ ಹರೀತಿದ್ಲು.

ಅಣ್ಣನ ಪ್ಲಾನು

ಅಣ್ಣನ ಮ್ಯಾಲ ನನಗ ಸಿಟ್ಟಿಲ್ಲ. ಅವ್ವಗ ಎಪ್ಪತ್ತು ದಾಟೇತಿ, ಹಳೀ ಫರಸಿ ಜಾರತೈತಿ, ಕೂತೇಳಾಕ ಆಗಂಗಿಲ್ಲ, ಬಚ್ಚಲ ಹೊಸಾದು ಆಗಬೇಕು, ಕಮೋಡ್ ಬೇಕು, ಹಿಡಿಕಿ ಬೇಕು. ಅದರಾಗ ಎರಡು ಮಾತಿಲ್ಲ. ಆದ್ರ ಆಂವನ ಪ್ಲಾನಿನ್ಯಾಗ ಹಿತ್ತಲಕ್ಕ ಪೂರ್ತಿ ಪೇವರ್ ಹಾಸೂದು, ಬಚ್ಚಲ ನೀರು ಸೀದಾ ಒಳಗಿನ ಗಟಾರಕ್ಕ ಬಿಡೂದು, ದ್ವಾಣಿ ತಗದು ಹಿಂದಿನ ಗೇಟು ಅಗಲ ಮಾಡಿ ಕಾರು ನಿಲ್ಲಸೂದು ಐತಿ. ಫೋನಿನ್ಯಾಗ ನಾ ಹೇಳಿದೆ, ‘ಅಣ್ಣಾ, ಬಚ್ಚಲ ನಿನ್ನ ಮನಸಿಗೆ ಬಂದಂಗ ಮಾಡು, ಹಿತ್ತಲದ ಮಣ್ಣು ಬಿಡು.’ ಆಂವ ಅಂದ, ‘ಮಣ್ಣಿದ್ರ ಕೆಸರು, ಕೆಸರಿದ್ರ ಅವ್ವ ಜಾರಿ ಬೀಳ್ತಾಳ. ಕಪ್ಪಿ ಸಲುವಾಗಿ ಅವ್ವನ ಕಾಲು ಮುರೀಬೇಕೇನು?’ ಈ ಮಾತಿಗೆ ನಾ ಸುಮ್ಮನ ಕುಂತೆ, ಯಾಕಂದ್ರ ಅದು ಖರೆ ಇತ್ತು.

ಮರದಿನ ಗೌಂಡಿ ಅಳತಿ ತಗೊಳ್ಳಾಕ ಬಂದಾಗ ಆಂವಗ ಎಲ್ಲಾ ಹೇಳಿದೆ. ಆಂವ ಕೂತು ಕೇಳಿ, ‘ಅಕ್ಕಾರ, ಅಮ್ಮಾರು ಅಡ್ಡ್ಯಾಡೂವಲ್ಲಿ ಅಷ್ಟ ಫರಸಿ ಹಾಸಿದ್ರ ಆತಲ್ಲರಿ. ಬಾಗಲದಿಂದ ತುಳಸಿಕಟ್ಟಿ ತನಕ, ಅಲ್ಲಿಂದ ಅರಿವಿ ಒಣ ಹಾಕೂ ತಂತಿ ತನಕ. ಉಳದದ್ದು ಮಣ್ಣು ಇರಲಿ. ಹಾಸೂ ಫರಸಿ ಒರಟು ಮಾಡಿಸಿ ತರ್ತೀನಿ, ಜಾರಂಗಿಲ್ಲ’ ಅಂದ. ಆಮ್ಯಾಲ ಪೈಪಿನ ಇಳಿಜಾರು ಲೆಕ್ಕ ಹಾಕಿ, ಕಮೋಡಿನ ಲೈನು ಗಟಾರಕ್ಕ, ಜಳಕದ ನೀರಿನ ಲೈನು ಬ್ಯಾರೆ ಮಾಡಿ ಬಾಳಿ ಬುಡಕ್ಕ ಬಿಡಾಕ ಬರ್ತೈತಿ ಅಂತ ಚಾಕ್‌ಪೀಸಿಲೆ ಗ್ವಾಡಿ ಮ್ಯಾಲ ಗೀಟು ಹಾಕಿ ತೋರಿಸಿದ. ನೀರು ಹೊಂಟಲ್ಲಿ ಒಂದು ಸಣ್ಣ ತಗ್ಗು ಮಾಡಿ ಒಡದ ಹಂಚು, ಕಲ್ಲು ತುಂಬಸೂಣು ಅಂತ ಆಂವನ ಹೇಳಿದ, ನೀರು ನಿಂತು ಸೊಳ್ಳಿ ಆಗಬಾರದು ಅಂತ. ಕಲ್ಲು ಹಂಚಿನ ನಡುವಿನ ಸಂದಿ ಯಾರಿಗೆ ಅನುಕೂಲ ಅನ್ನೂದು ನನಗ ಗೊತ್ತು. ಅಣ್ಣಗ ಈ ಲೆಕ್ಕ ವಾಟ್ಸಾಪಿನ್ಯಾಗ ಕಳಿಸಿದೆ, ಪೇವರ್‍ಗಿಂತ ಖರ್ಚು ಕಡಿಮಿ ಇತ್ತು, ಆಂವ ಹೂಂ ಅಂದ.

ದ್ವಾಣಿ ಮಾತು ಮಾತ್ರ ಉಳದೈತಿ. ಅವ್ವ ಫೋನ್ ಇಸಕೊಂಡು, ‘ಅದು ನಮ್ಮತ್ತೀದು, ಅಲ್ಲೇ ಇರಲೆಪ್ಪಾ’ ಅಂದ್ಲು. ಕಪ್ಪಿ ಸುದ್ದಿ ತಗೀಲಿಲ್ಲ. ಅಣ್ಣ ಕಾರು ಎಲ್ಲಿ ನಿಲ್ಲಸಲಿ ಅಂತಾನ, ಓಣ್ಯಾಗ ನಿಲ್ಲಿಸಿದ್ರ ಹಾದುಹೋಗೂವ್ರು ಗೀಟು ಹೊಡೀತಾರ ಅಂತಾನ, ಅದೂ ಸುಳ್ಳಲ್ಲ. ದ್ವಾಣಿಯನ್ನ ಪಾಗಾರದ ಕಡೆ ಸರಸಾಕ ಬರ್ತೈತೇನು ಅಂತ ಗೌಂಡಿಗೆ ಕೇಳೀನಿ, ಎಂಟು ಮಂದಿ ಬೇಕು, ಕರಿಬೇವಿನ ಬೇರು ತಪ್ಪಿಸಿ ಸರಸಬೇಕು ಅಂದಾನ. ಅಣ್ಣ ದೀಪಾವಳಿಗೆ ಬರ್ತಾನ. ಗೊದಮೊಟ್ಟಿ ಅಷ್ಟೊತ್ತಿಗೆ ಒಂದೂ ಉಳದಿರಂಗಿಲ್ಲ, ಸರಸೂದಾದ್ರ ಆವಾಗನ ಸರಸಬೇಕು.